ಕಚೇರಿಯ ಇಂಗ್ಲಿಷು, ಕಾದಂಬರಿಯ ಕನ್ನಡ

1

ಮುಂಬಯಿಯಲ್ಲಿ ನೆಲೆಸಿದ ವಿದ್ಯಾವಂತ ಕನ್ನಡಿಗನ ದಿನವು ಎರಡು ಭಾಷೆಗಳ ನಡುವೆ ಹಂಚಿಹೋಗಿದೆ. ಹಗಲಿನ ವ್ಯವಹಾರವೆಲ್ಲ ಇಂಗ್ಲಿಷಿನದು. ಫೋರ್ಟ್ ಮತ್ತು ಬಲ್ಲಾರ್ಡ್ ಎಸ್ಟೇಟಿನ ಹಳೆಯ ಕಚೇರಿಗಳಿಗೂ, ಅನಂತರ ಎದ್ದ ನರಿಮನ್ ಪಾಯಿಂಟಿನ ಎತ್ತರದ ಕಟ್ಟಡಗಳಿಗೂ, ಈಗಿನ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಸಂಜೆಯಾದ ಮೇಲೆ, ಇಲ್ಲವೆ ರವಿವಾರದಂದು, ಅದೇ ವ್ಯಕ್ತಿಯು 1926ರಲ್ಲಿ ಸ್ಥಾಪಿತವಾದ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿಯೋ, 1933ರಿಂದ ನಡೆದುಬಂದ ಕರ್ನಾಟಕ ಸಂಘದಲ್ಲಿಯೋ ಕುಳಿತು ಕನ್ನಡ ಉಪನ್ಯಾಸವನ್ನು ಕೇಳುತ್ತಾನೆ. ಕೆಲವೊಮ್ಮೆ ತಾನೇ ವೇದಿಕೆಯನ್ನೇರಿ ಮಾತನಾಡುತ್ತಾನೆ. ಈ ಎರಡು ಮಾತುಗಾರಿಕೆಗಳಲ್ಲಿ ಎರಡನೆಯದರ ಬಗ್ಗೆ ಸಾಕಷ್ಟು ವಿಮರ್ಶೆ ಬಂದಿದೆ. ಮೊದಲನೆಯದು ಅನ್ನದ ದಾರಿಯೆಂದು, ಸಾಹಿತ್ಯಕ್ಕೆ ಸಂಬಂಧಿಸಿದ್ದಲ್ಲವೆಂದು ಬದಿಗಿರಿಸಲ್ಪಟ್ಟಿದೆ. ಹೀಗೆ ಬದಿಗಿರಿಸಿದುದರಿಂದ ಕನ್ನಡ ಸಾಹಿತ್ಯಕ್ಕೆ ಆದ ನಷ್ಟವೆಷ್ಟು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಕಂಪನಿಗಳಲ್ಲಿ ‘ಪ್ರೆಸೆಂಟೇಶನ್’ ಎಂದು ಕರೆಯುವ ಕ್ರಿಯೆಯನ್ನು ಕನ್ನಡದಲ್ಲಿ ‘ನಿವೇದನೆ’ ಎನ್ನಬಹುದು. ಅಧಿಕಾರವುಳ್ಳ ನಾಲ್ಕಾರು ಜನರೆದುರು ಒಬ್ಬನು ಎದ್ದು ನಿಂತು, ಮಿತವಾದ ಕಾಲದಲ್ಲಿ, ಅಂಕೆ ಅಂಶಗಳ ಆಧಾರದಿಂದ ಒಂದು ಯೋಜನೆಯನ್ನೋ ಲೆಕ್ಕವನ್ನೋ ಮುಂದಿಟ್ಟು ಅವರ ನಿರ್ಣಯವನ್ನು ಬೇಡುವುದು ಇದರ ಸ್ವರೂಪ. ಇದು ಭಾಷಣವಲ್ಲ, ಕೇಳುವವರಲ್ಲಿ ಭಾವೋದ್ರೇಕವನ್ನುಂಟುಮಾಡುವುದು ಇದರ ಗುರಿಯಲ್ಲ. ಇದು ವಾದವೂ ಅಲ್ಲ. ಎದುರಾಳಿಯೇ ಇಲ್ಲಿ ತೀರ್ಪುಗಾರನೂ ಆಗಿರುತ್ತಾನೆ. ಇದಕ್ಕೆ ಎರಡು ಅಂಗಗಳಿವೆ. ಮೊದಲನೆಯದು ಸಿದ್ಧಪಡಿಸಿಕೊಂಡು ಬಂದ ಮಾತು. ಎರಡನೆಯದು ಪ್ರಶ್ನೆಗಳಿಗೆ ಕೊಡಬೇಕಾದ ಉತ್ತರ. ಇಂಗ್ಲಿಷು ಯಾರ ಮಾತೃಭಾಷೆಯಲ್ಲವೋ ಅಂಥವನು ಮೊದಲನೆಯದನ್ನು ಬರೆದು, ಬಾಯಿಪಾಠ ಮಾಡಿ, ಹೇಗಾದರೂ ದಾಟಬಲ್ಲನು. ಎರಡನೆಯದರಲ್ಲಿ ಅವನಿಗೆ ಕೈಹಿಡಿಯುವ ಕಾಗದವಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಗಳಿಸಿದ ಗೌರವವನ್ನು ಅನಿರೀಕ್ಷಿತವಾದ ಒಂದೇ ಪ್ರಶ್ನೆಯು ಕಸಿದುಕೊಳ್ಳಬಹುದು.

2

ಈ ಕಷ್ಟವನ್ನು ಸಾಮಾನ್ಯವಾಗಿ ಉಚ್ಚಾರದ ಕಷ್ಟವೆಂದು ಭಾವಿಸುವುದುಂಟು. ಉಚ್ಚಾರದ ತೊಡಕು ಇಲ್ಲವೆಂದಲ್ಲ. ಕನ್ನಡದ ಕಿವಿ ಅಕ್ಷರಗಳ ತೂಕವನ್ನು ಲಘು-ಗುರುಗಳಿಂದ ಅಳೆಯುತ್ತದೆ; ಇಂಗ್ಲಿಷಿನಲ್ಲಿ ತೂಕ ಬೀಳುವುದು ಒತ್ತಿನಿಂದ. ಆದುದರಿಂದ ‘ಥರ್ಟೀನ್’ ಮತ್ತು ‘ಥರ್ಟಿ’ ಎಂಬ ಎರಡು ಸಂಖ್ಯೆಗಳು ಕನ್ನಡಿಗನ ಬಾಯಲ್ಲಿ ಪರಕೀಯನ ಕಿವಿಗೆ ಒಂದೇ ಆಗಿ ಕೇಳಿಸುವ ಸಂಭವವಿದೆ. ಹದಿಮೂರು ಲಕ್ಷವೋ ಮೂವತ್ತು ಲಕ್ಷವೋ ಎಂಬ ಸಂದೇಹ ಆಯವ್ಯಯದ ಸಭೆಯಲ್ಲಿ ಸಣ್ಣದಲ್ಲ. ಲಕ್ಷ-ಕೋಟಿಗಳಲ್ಲಿ ಎಣಿಸುವವನು ವಿದೇಶದಿಂದ ಬಂದವರೆದುರು ಮಿಲಿಯನ್-ಬಿಲಿಯನ್ನುಗಳಲ್ಲಿ ಹೇಳಬೇಕಾದಾಗ ಈ ಸಂದೇಹ ಇಮ್ಮಡಿಯಾಗುತ್ತದೆ. ಆದರೆ ಇವೆಲ್ಲ ಅಭ್ಯಾಸದಿಂದ ನೀಗುವ ತೊಡಕುಗಳು. ಅಂಕೆಯನ್ನು ಬರೆದು ತೋರಿಸಿದರೆ ಅರ್ಧ ತೊಡಕು ಅಲ್ಲಿಯೇ ಪರಿಹಾರವಾಗುತ್ತದೆ.

ನಿಜವಾದ ಕಷ್ಟವಿರುವುದು ವಾಕ್ಯದ ಕಟ್ಟಿನಲ್ಲಿ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ತುದಿಗೆ ಬರುತ್ತದೆ. ‘ನಿನ್ನೆ ಬಂದ ಪತ್ರದಲ್ಲಿ ಕೇಳಿದ ಪ್ರಶ್ನೆಗೆ ಬೇಕಾದ ಉತ್ತರವನ್ನು’ ಎಂದು ಎಷ್ಟು ದೂರ ಹೋದರೂ ಕನ್ನಡದ ಶ್ರೋತೃವು ಸಮಾಧಾನದಿಂದ ಕಾಯುತ್ತಾನೆ; ಕೊನೆಯ ಶಬ್ದವು ಎಲ್ಲವನ್ನೂ ಒಟ್ಟುಗೂಡಿಸುವುದೆಂದು ಅವನು ಬಲ್ಲನು. ಇಂಗ್ಲಿಷಿನ ಶ್ರೋತೃವಿಗೆ ಕರ್ತೃವಿನ ಬೆನ್ನಿಗೇ ಕ್ರಿಯೆ ಬೇಕು. ಕನ್ನಡದ ಕ್ರಮದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಮಾತನಾಡುವವನು ಕಾರಣಗಳನ್ನೂ ಷರತ್ತುಗಳನ್ನೂ ಮೊದಲು ಸಾಲಾಗಿ ನಿಲ್ಲಿಸುತ್ತಾನೆ. ಮುಖ್ಯ ಕ್ರಿಯೆಗೆ ಬರುವಷ್ಟರಲ್ಲಿ ವಾಕ್ಯವು ತನ್ನ ಭಾರಕ್ಕೆ ತಾನೇ ಕುಸಿದಿರುತ್ತದೆ.

ವಾಕ್ಯಕ್ಕೆ ಹೇಳಿದುದು ಇಡೀ ನಿರೂಪಣೆಗೂ ಅನ್ವಯಿಸುತ್ತದೆ. ಹರಿಕಥೆಗೆ ಪೀಠಿಕೆಯುಂಟು, ಪುರಾಣಕ್ಕೆ ಕೊನೆಯಲ್ಲಿ ಫಲಶ್ರುತಿಯುಂಟು. ಪೀಠಿಕೆಯಿಲ್ಲದೆ ವಿಷಯಕ್ಕೆ ಕೈಹಾಕುವುದು ಕನ್ನಡದ ಸಭಾಮರ್ಯಾದೆಯಲ್ಲಿ ಒರಟುತನ. ವ್ಯವಹಾರದ ನಿವೇದನೆಯಾದರೋ ಫಲಶ್ರುತಿಯನ್ನು ಮೊದಲ ನಿಮಿಷದಲ್ಲಿಯೇ ಕೇಳುತ್ತದೆ: ಎಷ್ಟು ಹಣ ಬೇಕು, ಎಂದಿಗೆ ಬೇಕು, ಏನು ಬರುವುದು? ಪೀಠಿಕೆಯಿಂದ ಆರಂಭಿಸಿದವನಿಗೆ ಐದನೆಯ ನಿಮಿಷದಲ್ಲಿ ಅಧ್ಯಕ್ಷರಿಂದ ತಡೆ ಬೀಳುತ್ತದೆ. ಆ ತಡೆಯನ್ನು ಅವನು ತನ್ನ ಇಂಗ್ಲಿಷಿಗೆ ಬಿದ್ದ ಪೆಟ್ಟೆಂದು ತಿಳಿಯುತ್ತಾನೆ. ಪೆಟ್ಟು ಬಿದ್ದುದು ಕ್ರಮಕ್ಕೆ, ಭಾಷೆಗಲ್ಲ. ಇದರೊಡನೆ ವಿನಯದ ಪ್ರಶ್ನೆಯೂ ಸೇರಿಕೊಂಡಿದೆ. ಕನ್ನಡದಲ್ಲಿ ‘ನಾನು’ ಎನ್ನದೆಯೇ ಪುಟಗಟ್ಟಲೆ ಮಾತನಾಡಬಹುದು. ‘ಹೀಗೆ ಮಾಡಬಹುದೇನೋ’ ಎಂಬುದು ಅಲ್ಲಿ ದೃಢವಾದ ಸಲಹೆಯೇ ಸರಿ. ಅದೇ ಮಾತು ಇಂಗ್ಲಿಷಿಗೆ ಬಂದಾಗ ಹೇಳುವವನಿಗೇ ನಂಬಿಕೆ ಸಾಲದೆಂಬ ಅರ್ಥವನ್ನು ಕೊಡುತ್ತದೆ.

ಈ ಅನುಭವವನ್ನು ಪಡೆದ ಕನ್ನಡಿಗರು ಮುಂಬಯಿಯಲ್ಲಿ ಹಲವು ತಲೆಮಾರುಗಳಿಂದ ಇದ್ದಾರೆ. ಅದು ಬರವಣಿಗೆಯಲ್ಲಿ ಹೇಗೆ ಮೂಡಿದೆ ಎಂಬುದಕ್ಕೆ ಎರಡು ಗ್ರಂಥಗಳನ್ನು ಎದುರುಬದುರಾಗಿ ಇರಿಸಿ ನೋಡುವುದು ಪ್ರಯೋಜನಕರ. ಒಂದು, ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ಇನ್ನೊಂದು, ಯಶವಂತ ಚಿತ್ತಾಲರು 1979ರಲ್ಲಿ ಕನ್ನಡಕ್ಕೆ ಕೊಟ್ಟ ಕಾದಂಬರಿ ‘ಶಿಕಾರಿ’.

3

ವಿಶ್ವೇಶ್ವರಯ್ಯನವರ ಮನೆತನದ ಮೂಲ ಆಂಧ್ರದ ಮೋಕ್ಷಗುಂಡಂ. ಅವರು ಬೆಳೆದುದು ಕನ್ನಡ ನಾಡಿನಲ್ಲಿ. ಕಲಿತುದು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ. 1884ರಲ್ಲಿ ನೌಕರಿಗೆ ಸೇರಿದುದು ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ. 1908ರ ವರೆಗೆ, ಎಂದರೆ ಸುಮಾರು ಇಪ್ಪತ್ತನಾಲ್ಕು ವರ್ಷ, ಅವರು ಆಂಗ್ಲ ಅಧಿಕಾರಿಗಳ ನಡುವೆ ಆಂಗ್ಲರ ಭಾಷೆಯಲ್ಲಿ ವರದಿಗಳನ್ನು ಬರೆದರು, ಯೋಜನೆಗಳನ್ನು ಮಂಡಿಸಿದರು. ದಿವಾನಗಿರಿ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಕೈಗೊಂಡ ಕಾರ್ಯವೊಂದು ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. 1935ರಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ ಬಂದು, ಭಾರತದಲ್ಲಿ ಮೋಟಾರು ವಾಹನಗಳನ್ನು ತಯಾರಿಸುವ ಕಾರ್ಖಾನೆಯೊಂದರ ಯೋಜನೆಯನ್ನು ಸಿದ್ಧಪಡಿಸಿ, ಅದನ್ನು ಮುಂಬಯಿಯ ಉದ್ಯಮಿಗಳ ಮುಂದೆಯೂ, ಅನಂತರ ಬಿ. ಜಿ. ಖೇರರ ಮಂತ್ರಿಮಂಡಲದ ಮುಂದೆಯೂ ಇರಿಸಿದರು. 1939ರಲ್ಲಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸರಕಾರದ ನೆರವಿನ ಆಸೆಯೂ ಅದರೊಡನೆ ಹೋಯಿತು. ಆದರೆ ಯೋಜನೆಯ ಬೀಜ ಸಾಯಲಿಲ್ಲ. ವಾಲಚಂದ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ನಡೆದುದು ಮುಂಬಯಿಯ ಕುರ್ಲಾದಲ್ಲಿ.

ಇಂಥ ನಿವೇದಕನ ಗದ್ಯವು ಹೇಗಿದೆ? ವಾಕ್ಯಗಳು ಚಿಕ್ಕವು, ಶಬ್ದಗಳು ಸಾಮಾನ್ಯವಾದವು, ವಿಶೇಷಣಗಳು ವಿರಳ. ಎಲ್ಲಿ ಇನ್ನೊಬ್ಬನು ಉಪಮೆಯನ್ನು ತರುತ್ತಿದ್ದನೋ ಅಲ್ಲಿ ಇವರು ಒಂದು ಅಂಕೆಯನ್ನು ತರುತ್ತಾರೆ. ಕರಡನ್ನು ಮತ್ತೆ ಮತ್ತೆ ತಿದ್ದುವ ಅವರ ಅಭ್ಯಾಸ ಪ್ರಸಿದ್ಧವಾದುದೇ. ಮಾತಿಗಿಂತ ಮೊದಲು ಕಾಗದ ಸಿದ್ಧವಾಗಿರಬೇಕೆಂಬುದು ಅವರ ಕಾರ್ಯಪದ್ಧತಿ. ಇದರಲ್ಲಿ ಪರಭಾಷೆಯಲ್ಲಿ ವ್ಯವಹರಿಸುವವನ ದೊಡ್ಡ ವಿವೇಕವಿದೆ. ಅಧಿಕಾರವನ್ನು ಕಂಠದಿಂದ ಕಾಗದಕ್ಕೆ ವರ್ಗಾಯಿಸಿದರೆ ಕೇಳುವವನು ಉಚ್ಚಾರವನ್ನು ಬಿಟ್ಟು ಲೆಕ್ಕವನ್ನು ಪರೀಕ್ಷಿಸಬೇಕಾಗುತ್ತದೆ. ಲೆಕ್ಕಕ್ಕೆ ಮಾತೃಭಾಷೆಯಿಲ್ಲ. ಅಲಂಕಾರದಲ್ಲಿ ಆಂಗ್ಲನೊಡನೆ ಸ್ಪರ್ಧಿಸಹೊರಟ ಭಾರತೀಯನು ಅವನ ನೆಲದಲ್ಲಿ ಕಾದುತ್ತಾನೆ. ಅಂಕೆಯ ನೆಲದಲ್ಲಿ ಇಬ್ಬರೂ ಸಮಾನರು. ವಿಶ್ವೇಶ್ವರಯ್ಯನವರ ಗದ್ಯದ ಶುಷ್ಕತೆಯನ್ನು ದೋಷವೆಂದು ಎಣಿಸುವ ವಾಚಕರು ಈ ಅಂಶವನ್ನು ಮರೆಯಬಾರದು.

ಆದರೂ ಆ ಗ್ರಂಥವನ್ನು ಮುಚ್ಚಿದ ಮೇಲೆ ಒಂದು ಕೊರತೆ ಉಳಿಯುತ್ತದೆ. ಅದರಲ್ಲಿ ಕಟ್ಟೆಗಳಿವೆ, ಕಾಲುವೆಗಳಿವೆ, ಸಮಿತಿಗಳಿವೆ, ಪತ್ರವ್ಯವಹಾರವಿದೆ. ಎದ್ದು ನಿಂತು ಮಾತನಾಡಿದ ಮನುಷ್ಯನ ಎದೆಯ ಬಡಿತವಿಲ್ಲ. ಹೆಸರೇ ಸೂಚಿಸುವಂತೆ ಅದು ದುಡಿಮೆಯ ಬಾಳಿನ ನೆನಪು. ಭಾಷೆಯ ಪ್ರಶ್ನೆ ಅಲ್ಲಿ ಮುಖ್ಯವಾಗಿ ಎದ್ದು ಬರುವುದಿಲ್ಲ. ಕಾಗದದ ಹಿಂದೆ ಮರೆಯಾಗುವ ಕಲೆಯನ್ನು ಇಷ್ಟು ಪರಿಪೂರ್ಣವಾಗಿ ಸಾಧಿಸಿದವರು ಆತ್ಮಕಥೆಯಲ್ಲಿಯೂ ಮರೆಯಲ್ಲಿಯೇ ಉಳಿದುದು ಸಹಜವೇ. ಇಂಗ್ಲಿಷಿನಲ್ಲಿ ಬರೆದ ಈ ಕನ್ನಡ ನಾಡಿನವರಲ್ಲಿ ನಿವೇದನೆಯಿದೆ, ನಿವೇದಕನಿಲ್ಲ.

4

‘ಶಿಕಾರಿ’ಯಲ್ಲಿ ಪರಿಸ್ಥಿತಿ ತಲೆಕೆಳಗಾಗಿದೆ. ಯಶವಂತ ಚಿತ್ತಾಲರು (1928–2014) ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬಯಿಯಲ್ಲಿಯೂ ಅಮೆರಿಕದಲ್ಲಿಯೂ ರಾಸಾಯನಿಕ ತಂತ್ರಶಾಸ್ತ್ರವನ್ನು ಕಲಿತು, ಪ್ಲಾಸ್ಟಿಕ್ ಉದ್ಯಮದಲ್ಲಿ ಜೀವಮಾನವೆಲ್ಲ ದುಡಿದವರು. ಕಂಪನಿಯ ಕಚೇರಿಯನ್ನು ಹೊರಗಿನಿಂದ ನೋಡಿ ಬರೆದವರಲ್ಲ. ಅವರ ನಾಯಕ ನಾಗಪ್ಪನೂ ಉತ್ತರ ಕನ್ನಡದ ಕರಾವಳಿಯಿಂದ ಮುಂಬಯಿಗೆ ಬಂದು ರಾಸಾಯನಿಕ ಕಂಪನಿಯೊಂದರಲ್ಲಿ ಮೇಲಕ್ಕೇರಿದವನು. ಒಂದು ದಿನ ಅವನು ಕೆಲಸದಿಂದ ದೂರ ಇರಿಸಲ್ಪಡುತ್ತಾನೆ, ಆರೋಪವೇನೆಂಬುದು ಸ್ಪಷ್ಟವಿಲ್ಲ, ವಿಚಾರಣೆ ಕಾದಿದೆ. ಫಿರೋಜ್ ಬಂದೂಕವಾಲಾ ಮುಂತಾದವರ ನಡೆಯ ಹಿಂದಿನ ಉದ್ದೇಶವನ್ನು ಹುಡುಕುತ್ತ, ತನ್ನನ್ನು ಬೇಟೆಯಾಡುತ್ತಿರುವವರು ಯಾರು ಎಂಬ ಶೋಧದಲ್ಲಿ ಅವನು ತನ್ನೊಳಗಿಗೇ ಇಳಿಯುತ್ತಾನೆ. ಕಾಫ್ಕಾನ ‘ದಿ ಟ್ರಯಲ್’ ಕಾದಂಬರಿಯೊಡನೆ ಈ ಕೃತಿಯನ್ನು ಹೋಲಿಸುವುದು ವಾಡಿಕೆ. ಹೋಲಿಕೆ ಯುಕ್ತವಾದುದೇ, ಆದರೆ ಅದು ಒಂದು ಭೇದವನ್ನು ಮರೆಸುತ್ತದೆ. ಕಾಫ್ಕಾನ ನಾಯಕನು ಆರೋಪವನ್ನು ಕೇಳಿದ ಭಾಷೆಯಲ್ಲಿಯೇ ಯೋಚಿಸುತ್ತಾನೆ. ನಾಗಪ್ಪನಿಗೆ ಆ ಸೌಲಭ್ಯವಿಲ್ಲ. ಅವನಿಗೆ ಪತ್ರ ಬರುವ ಭಾಷೆ, ಅವನು ವಿವರಣೆ ಕೊಡಬೇಕಾದ ಭಾಷೆ, ಇಂಗ್ಲಿಷು. ಭಯಪಡುವ ಭಾಷೆ ಕನ್ನಡ.

ಕಾದಂಬರಿಯ ಪುಟಗಳಲ್ಲಿ ಈ ಭೇದವು ಕಣ್ಣಿಗೆ ಬೀಳುವುದಿಲ್ಲ. ಪಾರ್ಸಿ, ಗುಜರಾತಿ, ಕ್ರೈಸ್ತ, ಕನ್ನಡಿಗ ಹೀಗೆ ಹಲವು ಜನಾಂಗದವರು ಸೇರಿದ ಮುಂಬಯಿಯ ಕಚೇರಿಯಲ್ಲಿ ನಡೆಯುವ ಸಂಭಾಷಣೆ ಬಹುಮಟ್ಟಿಗೆ ಇಂಗ್ಲಿಷಿನದೇ ಇರಬೇಕು. ಚಿತ್ತಾಲರು ಅದನ್ನು ಕನ್ನಡದಲ್ಲಿ ಬರೆಯುತ್ತಾರೆ; ಇಂಗ್ಲಿಷಿನ ಶಬ್ದಗಳನ್ನು ಧಾರಾಳವಾಗಿ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳುತ್ತಾರೆ. ಈ ಮಿಶ್ರಭಾಷೆ ಮುಂಬಯಿ ಕನ್ನಡಿಗನಿಗೆ ಪರಿಚಿತವಾದುದರಿಂದ ಓದು ಸುಗಮವಾಗಿ ಸಾಗುತ್ತದೆ. ಆ ಸುಗಮತೆಯ ಬೆಲೆಯೇನೆಂಬುದನ್ನು ವಿಮರ್ಶಕರು ಅಷ್ಟಾಗಿ ಕೇಳಿಲ್ಲ. ಬಂದೂಕವಾಲಾನೂ ನಾಗಪ್ಪನೂ ಪುಟದ ಮೇಲೆ ಸಮಾನವಾದ ನಿರರ್ಗಳತೆಯಿಂದ ಮಾತನಾಡುವಾಗ, ನಿಜವಾದ ಕೋಣೆಯಲ್ಲಿ ಅವರ ನಡುವೆ ಇದ್ದಿರಬೇಕಾದ ಅಸಮಾನತೆಯೊಂದು ಅಳಿಸಿಹೋಗುತ್ತದೆ.

ಈ ಅಸಮಾನತೆಯ ಸ್ವರೂಪವನ್ನು ಸರಿಯಾಗಿ ಗುರುತಿಸುವುದು ಅಗತ್ಯ. ಮುಂಬಯಿಯ ಕಂಪನಿಯೊಂದರ ಮೇಜಿನ ಸುತ್ತ ಕುಳಿತವರಲ್ಲಿ ಇಂಗ್ಲಿಷು ಸಾಮಾನ್ಯವಾಗಿ ಯಾರ ಮನೆಮಾತೂ ಅಲ್ಲ. ಪಾರ್ಸಿಯ ಮನೆಮಾತು ಗುಜರಾತಿ; ತಮಿಳನಿಗೆ ತಮಿಳು, ಬಂಗಾಲಿಗೆ ಬಂಗಾಲಿ. ಆದುದರಿಂದ ಜನ್ಮದಿಂದ ಬಂದ ಹಕ್ಕು ಯಾರಿಗೂ ಇಲ್ಲ. ಇರುವುದು ಶಾಲೆಯಿಂದ, ನೆರೆಹೊರೆಯಿಂದ, ತಂದೆಯ ಸ್ನೇಹಿತರ ಮನೆಗಳಿಂದ ಬಂದ ಹಕ್ಕು. ಚಿಕ್ಕಂದಿನಿಂದ ಇಂಗ್ಲಿಷಿನಲ್ಲಿ ತಪ್ಪು ಮಾಡುವ ಸ್ವಾತಂತ್ರ್ಯ ಪಡೆದವನು ದೊಡ್ಡವನಾದ ಮೇಲೆ ತಪ್ಪಿಗೆ ಹೆದರುವುದಿಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಪುಸ್ತಕದಿಂದ ಇಂಗ್ಲಿಷನ್ನು ಸಂಪಾದಿಸಿದವನ ವ್ಯಾಕರಣ ಹೆಚ್ಚು ಶುದ್ಧವಾಗಿರಬಹುದು. ಅವನ ಮೌನವೂ ಹೆಚ್ಚು ದೀರ್ಘವಾಗಿರುತ್ತದೆ. ಉತ್ತರ ಕೊಡುವ ಮೊದಲು ಅವನು ವಾಕ್ಯವನ್ನು ಒಳಗೆ ಜೋಡಿಸುತ್ತಾನೆ. ಹೊರಗಿನವರಿಗೆ ಆ ಕ್ಷಣದ ಮೌನ ಅಜ್ಞಾನವಾಗಿಯೋ ಅಪರಾಧವಾಗಿಯೋ ಕಾಣಿಸಬಹುದು.

ಇಲ್ಲಿ ‘ಶಿಕಾರಿ’ಯ ನಿಜವಾದ ಶಕ್ತಿ ಗೋಚರವಾಗುತ್ತದೆ. ಸಂಭಾಷಣೆಯಲ್ಲಿ ಮರೆತಂತೆ ತೋರುವುದನ್ನು ಚಿತ್ತಾಲರು ಸ್ವಗತದಲ್ಲಿ ಸಂಪೂರ್ಣವಾಗಿ ಕೊಟ್ಟಿದ್ದಾರೆ. ನಾಗಪ್ಪನ ಮನಸ್ಸು ಒಂದು ಸಣ್ಣ ಮಾತನ್ನು ಹಿಡಿದು ಹತ್ತು ದಿಕ್ಕುಗಳಲ್ಲಿ ಹೊರಳಿಸುತ್ತದೆ. ಎದುರಿನವನ ಧ್ವನಿಯ ಏರಿಳಿತವನ್ನು ತೂಗುತ್ತದೆ. ಆಡಬೇಕಾದ ಉತ್ತರವನ್ನು ಮೊದಲೇ ಕಟ್ಟುತ್ತದೆ, ಕೆಡವುತ್ತದೆ, ಮತ್ತೆ ಕಟ್ಟುತ್ತದೆ. ಇದನ್ನು ನಗರಜೀವನದ ಸಂಶಯಪ್ರವೃತ್ತಿಯೆಂದೂ ಅಸ್ತಿತ್ವದ ಭೀತಿಯೆಂದೂ ವ್ಯಾಖ್ಯಾನಿಸಲಾಗಿದೆ. ಆ ವ್ಯಾಖ್ಯಾನಗಳು ತಪ್ಪಲ್ಲ. ಆದರೆ ಪರಭಾಷೆಯಲ್ಲಿ ಜೀವನವನ್ನು ನಡೆಸಬೇಕಾದವನಿಗೆ ಈ ಒಳಗಿನ ತಾಲೀಮು ತತ್ತ್ವಜ್ಞಾನಕ್ಕಿಂತ ಮೊದಲು ದೈನಂದಿನ ಅಭ್ಯಾಸ. ಎದ್ದು ನಿಂತು ಮಾತನಾಡುವ ಹಿಂದಿನ ರಾತ್ರಿ ನಿದ್ರೆಗೆಟ್ಟ ಪ್ರತಿಯೊಬ್ಬ ಅಧಿಕಾರಿಯೂ ನಾಗಪ್ಪನ ಈ ಮನಸ್ಸನ್ನು ಬಲ್ಲನು. ಕಾದಂಬರಿ ಇದನ್ನು ಬಾಯಿಬಿಟ್ಟು ಭಾಷೆಯ ಪ್ರಶ್ನೆಯೆಂದು ಹೇಳುವುದಿಲ್ಲ. ಆದರೂ ಅದರ ಶಿಲ್ಪವೇ ಹಾಗೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಆಡಲಾಗದೆ ಉಳಿದುದೆಲ್ಲ ಕನ್ನಡದ ಸ್ವಗತವಾಗಿ ತುಂಬಿ ಹರಿದಿದೆ. ವಿಶ್ವೇಶ್ವರಯ್ಯನವರ ಇಂಗ್ಲಿಷ್ ಗ್ರಂಥದಲ್ಲಿ ಕಾಣದ ನಿವೇದಕನು ಇಲ್ಲಿ ಕಾಣುತ್ತಾನೆ. ಕಾಣದಿರುವುದು ನಿವೇದನೆ.

5

ಸಂಭಾಷಣೆಯ ಈ ಸಮಸ್ಯೆಗೆ ಕಾದಂಬರಿಕಾರನ ಮುಂದೆ ಬೇರೆ ದಾರಿಯಿತ್ತೇ ಎಂದು ಕೇಳಬಹುದು. ಇಂಗ್ಲಿಷಿನ ವಾಕ್ಯಗಳನ್ನೇ ಕನ್ನಡ ಲಿಪಿಯಲ್ಲಿ ಪುಟಗಟ್ಟಲೆ ಬರೆದರೆ ಅದು ಕನ್ನಡ ಕಾದಂಬರಿಯಾಗಿ ಉಳಿಯುವುದಿಲ್ಲ. ಸಂಸ್ಕೃತ ನಾಟಕಕಾರರಿಗೆ ಈ ತೊಂದರೆಯಿರಲಿಲ್ಲ. ರಾಜನು ಸಂಸ್ಕೃತದಲ್ಲಿಯೂ ರಾಣಿ, ದಾಸಿ, ವಿದೂಷಕರು ಪ್ರಾಕೃತಗಳಲ್ಲಿಯೂ ಮಾತನಾಡುವುದನ್ನು ಪ್ರೇಕ್ಷಕರು ಒಪ್ಪಿಕೊಂಡಿದ್ದರು. ಯಾರಿಗೆ ಯಾವ ಭಾಷೆ ಎಂಬುದೇ ಅಧಿಕಾರದ ನಕ್ಷೆಯಾಗಿತ್ತು. ಕನ್ನಡದ ಕಾದಂಬರಿಗೆ ಅಂಥ ಸಂಪ್ರದಾಯವಿಲ್ಲದಿದ್ದರೂ ಉಪಾಯಗಳಿಲ್ಲವೆಂದಲ್ಲ. ಇಂಗ್ಲಿಷಿನಲ್ಲಿ ಆಡಿದ ಮಾತನ್ನು ಬಿಗಿಯಾದ, ಅಳತೆಗೊಳಪಟ್ಟ ಗ್ರಾಂಥಿಕ ಕನ್ನಡದಲ್ಲಿಯೂ, ಮನಸ್ಸಿನ ಮಾತನ್ನು ಹುಟ್ಟೂರಿನ ಆಡುನುಡಿಯಲ್ಲಿಯೂ ಬರೆಯುವುದು ಒಂದು ಉಪಾಯ. ಎದ್ದು ನಿಂತವನು ಹುಡುಕಿದ ಶಬ್ದವನ್ನೂ ಬಾಯಿಗೆ ಬಂದ ಶಬ್ದವನ್ನೂ ಒಂದರ ಪಕ್ಕದಲ್ಲೊಂದು ಇರಿಸಿ, ಅವೆರಡರ ನಡುವಣ ಅಂತರವನ್ನು ವಾಚಕನಿಗೆ ಕಾಣಿಸುವುದು ಇನ್ನೊಂದು. ಚಿತ್ತಾಲರ ಸಾಮರ್ಥ್ಯಕ್ಕೆ ಇವು ಅಸಾಧ್ಯವಾದವುಗಳಲ್ಲ. ಅವರ ಲಕ್ಷ್ಯ ಬೇರೆ ಕಡೆಗಿತ್ತು ಎಂದು ಹೇಳುವುದೇ ನ್ಯಾಯ.

ಮುಂಬಯಿಯ ಇತರ ಕನ್ನಡ ಲೇಖಕರಲ್ಲಿಯೂ ಈ ಕೋಣೆ ಬಹುಮಟ್ಟಿಗೆ ಮುಚ್ಚಿಯೇ ಇದೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’, 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾದಂಬರಿ, ಕಾರ್ಮಿಕ ಚಳವಳಿಯ ಕಡೆಗೆ ಮುಖ ಮಾಡಿದೆ. ಜಯಂತ ಕಾಯ್ಕಿಣಿಯವರು ಔಷಧಿ ತಯಾರಿಸುವ ಉದ್ಯಮದಲ್ಲಿದ್ದವರಾದರೂ ಅವರ ಕತೆಗಳ ಮಂದಿ ಹೆಚ್ಚಾಗಿ ಆ ಕೋಣೆಯ ಹೊರಗಿನವರು; ಹಿಂದಿ, ಮರಾಠಿ, ಕೊಂಕಣಿಗಳಲ್ಲಿ ಬದುಕುವವರು. ತೇಜಸ್ವಿನಿ ನಿರಂಜನರ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಹೆಸರಿನಿಂದ ಹೊರಬಂದ ಆ ಕತೆಗಳ ಸಂಕಲನಕ್ಕೆ 2018ನೆಯ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ದೊರೆಯಿತು. ಇಂಗ್ಲಿಷು ಬಾರದವರ ಮುಂಬಯಿಯನ್ನು ಇಂಗ್ಲಿಷಿನ ವಾಚಕರು ಈ ರೀತಿ ಬಲ್ಲವರಾದರು. ಇಂಗ್ಲಿಷಿನಲ್ಲಿಯೇ ದಿನಗಳೆಯುವ ಕನ್ನಡಿಗನನ್ನು ಕನ್ನಡದ ವಾಚಕರು ಇನ್ನೂ ಪೂರ್ತಿಯಾಗಿ ಬಲ್ಲವರಾಗಿಲ್ಲ.

6

ನಿವೇದನೆಯ ಕಲೆಯೇ ಕನ್ನಡಕ್ಕೆ ಪರಕೀಯವಾದುದೆಂದು ಭಾವಿಸಿದರೆ ಈ ಕೊರತೆಯನ್ನು ಸಮರ್ಥಿಸಬಹುದು. ಆದರೆ ಹಾಗೆ ಭಾವಿಸಲು ಆಧಾರವಿಲ್ಲ. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಚಿರಪರಿಚಿತವಾದ ತಾಳಮದ್ದಳೆಯನ್ನೇ ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಬಯಲಾಟಕ್ಕೆ ಬಿಡುವಾದಾಗ ಊರಿನಿಂದ ಬರುವ ಅರ್ಥಧಾರಿಗಳ ಕೂಟಗಳು ಈ ನಗರದ ಸಭಾಗೃಹಗಳಲ್ಲಿ ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಆಡುವ ಮಾತೊಂದೇ. ಪ್ರಸಂಗದ ಪದ್ಯ ಮೊದಲೇ ಗೊತ್ತಿರುತ್ತದೆ. ಭಾಗವತನು ಅದನ್ನು ಹಾಡುತ್ತಾನೆ. ಅರ್ಥವನ್ನು ಅರ್ಥಧಾರಿ ಆ ಕ್ಷಣದಲ್ಲಿ ಕಟ್ಟಬೇಕು. ಎದುರಿನ ಪಾತ್ರಧಾರಿ ಯಾವ ಪ್ರಶ್ನೆಯನ್ನು ಎಸೆಯುವನೆಂಬುದು ತಿಳಿದಿರುವುದಿಲ್ಲ. ಸ್ಥಿರವಾದ ಪಾಠ, ಅಸ್ಥಿರವಾದ ಪ್ರಶ್ನೆ ಎಂಬ ಈ ರಚನೆ ವ್ಯವಹಾರದ ನಿವೇದನೆಯ ರಚನೆಯೇ ಆಗಿದೆ.

‘ಕೃಷ್ಣಸಂಧಾನ’ದ ಪ್ರಸಂಗವನ್ನು ನೆನೆದರೆ ಈ ಸಾಮ್ಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಪ್ರತಿಕೂಲವಾದ ಸಭೆಯ ಮುಂದೆ ಒಬ್ಬನು ಒಂದು ಪ್ರಸ್ತಾಪವನ್ನು ತಂದಿದ್ದಾನೆ. ನಿರ್ಣಯಿಸುವ ಅಧಿಕಾರ ಎದುರಾಳಿಯ ಕೈಯಲ್ಲಿದೆ. ಬೇಡಿಕೆಯು ಐದು ಗ್ರಾಮಗಳೆಂಬ ಒಂದೇ ಅಂಕೆಗೆ ಇಳಿದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ಮಾತನ್ನು ಕೇಳಿದವರು ಆ ಕಲೆಯ ಎರಡು ನಿಯಮಗಳನ್ನು ಬಲ್ಲರು. ಮೊದಲನೆಯದು, ಹಾಡಿದ ಪದ್ಯವನ್ನೇ ಅರ್ಥಧಾರಿ ಮರಳಿ ಒಪ್ಪಿಸುವುದಿಲ್ಲ. ಪದ್ಯದಲ್ಲಿಲ್ಲದ ಕಾರಣವನ್ನು, ಪದ್ಯವು ಅಡಗಿಸಿಟ್ಟ ಅರ್ಥವನ್ನು ಅವನು ಬಿಡಿಸುತ್ತಾನೆ. ಎರಡನೆಯದು, ಎದುರಿನವನ ಪೂರ್ವಪಕ್ಷವನ್ನು ಗೌರವದಿಂದ, ಅವನಿಗಿಂತಲೂ ಚೆನ್ನಾಗಿ, ಒಮ್ಮೆ ಹೇಳಿದ ಅನಂತರವೇ ಉತ್ತರಕ್ಕೆ ತೊಡಗುತ್ತಾನೆ.

ಇಂದಿನ ನಿವೇದನೆಗಳ ಸಾಮಾನ್ಯ ದೋಷವನ್ನು ಈ ಹಿನ್ನೆಲೆಯಲ್ಲಿ ಅಳೆಯಬಹುದು. ನಾಗಪ್ಪನ ಕಾಲದ ಕಚೇರಿಯಲ್ಲಿ ಬೆರಳಚ್ಚಿನ ವರದಿಯಿತ್ತು. ಪವರ್‌ಪಾಯಿಂಟ್ ಎಂಬ ಗಣಕಯಂತ್ರದ ಸಾಧನ ಬಂದುದು 1987ರಲ್ಲಿ. ಅನಂತರ ಕೆಲವು ವರ್ಷಗಳಲ್ಲಿಯೇ ತೆರೆಯ ಮೇಲಿನ ಪುಟವಿಲ್ಲದೆ ನಿವೇದನೆಯೇ ಇಲ್ಲವೆಂಬಂತಾಯಿತು. ಪರಭಾಷೆಯವನಿಗೆ ಇದು ಊರುಗೋಲಾಯಿತು. ಅಂಕೆಯ ಸಂದೇಹವನ್ನು ನೀಗಿಸಿತು. ಆದರೆ ತೆರೆಯ ಮೇಲಿರುವುದನ್ನೇ ಅಕ್ಷರಶಃ ಓದುವ ದುರಭ್ಯಾಸವನ್ನೂ ಬೆಳೆಯಿಸಿತು. ಪದ್ಯವನ್ನೇ ಮತ್ತೆ ಹಾಡುವ ಅರ್ಥಧಾರಿಯನ್ನು ಯಾವ ಸಭೆಯೂ ಸಹಿಸದು. ಪ್ರಶ್ನೆ ಬಂದೊಡನೆ ಅವಸರದಿಂದ ಉತ್ತರಕ್ಕೆ ನುಗ್ಗುವವನಿಗೂ ಇದೇ ಕಲೆಯಲ್ಲಿ ಪಾಠವಿದೆ. ‘ತಾವು ಕೇಳುತ್ತಿರುವುದು ವೆಚ್ಚದ ವಿಷಯ, ಅದರಲ್ಲಿಯೂ ಎರಡನೆಯ ವರ್ಷದ ವೆಚ್ಚ’ ಎಂದು ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಮರಳಿ ಹೇಳಿದರೆ ಕೇಳಿದವನಿಗೆ ಗೌರವವಾಯಿತು. ತಪ್ಪು ತಿಳಿದಿದ್ದರೆ ತಿದ್ದಿಕೊಳ್ಳಲು ಅವಕಾಶವಾಯಿತು. ವಾಕ್ಯವನ್ನು ಜೋಡಿಸಿಕೊಳ್ಳಲು ಬೇಕಾದ ಮೌನವೂ ಮಾತಿನ ರೂಪದಲ್ಲಿ ದೊರೆಯಿತು. ಪೀಠಿಕೆಯನ್ನು ಹಿಂದಕ್ಕೆ ಸರಿಸಿ ಐದು ಗ್ರಾಮಗಳ ಬೇಡಿಕೆಯನ್ನು ಮುಂದಕ್ಕೆ ತರುವುದೊಂದನ್ನು ಹೊರಗಿನಿಂದ ಕಲಿಯಬೇಕು. ಉಳಿದುದು ಮನೆಯಲ್ಲಿಯೇ ಇದೆ.

ಹೀಗಿದ್ದರೂ ರವಿವಾರ ಈ ಕಲೆಗೆ ತಲೆದೂಗಿದ ಅಧಿಕಾರಿ ಸೋಮವಾರ ತನ್ನ ಕಚೇರಿಯಲ್ಲಿ ಅದನ್ನು ನೆನೆಯುವುದಿಲ್ಲ. ಒಂದು ಕನ್ನಡ, ಇನ್ನೊಂದು ಇಂಗ್ಲಿಷು. ಒಂದು ಸಂಸ್ಕೃತಿ, ಇನ್ನೊಂದು ಹೊಟ್ಟೆಪಾಡು ಎಂಬ ಗೋಡೆ ಅಡ್ಡ ಬಂದಿದೆ. ಈ ಗೋಡೆಯ ಎರಡು ಬದಿಗಳಲ್ಲಿಯೂ ನಷ್ಟವಾಗಿದೆ. ಅವನ ಇಂಗ್ಲಿಷು ಕನ್ನಡದ ತರ್ಕಬಲವನ್ನು ಪಡೆಯದೆ, ಎರವಲು ತಂದ ಪದಪುಂಜಗಳ ಮೇಲೆ ನಿಂತಿದೆ. ಅವನ ಕನ್ನಡವು ಅವನ ಜೀವನದ ಅತ್ಯಂತ ತೀವ್ರವಾದ ಹಗಲುಗಳನ್ನು ಕಾಣದೆ, ಸಂಜೆಯ ಕನ್ನಡವಾಗಿ, ಹುಟ್ಟೂರಿನ ನೆನಪಿನ ಕನ್ನಡವಾಗಿ ಸೊರಗಿದೆ.

7

ಈ ವಿಚಾರದಿಂದ ಫಲಿಸುವುದು ಇಷ್ಟು. ಪರಭಾಷೆಯಲ್ಲಿ ಎದ್ದು ನಿಂತು ತನ್ನ ಮಾತನ್ನು ನಿವೇದಿಸುವುದು ಮುಂಬಯಿ ಕನ್ನಡಿಗನ ಜೀವನದ ಒಂದು ಕೇಂದ್ರಾನುಭವ. ಆ ಅನುಭವದ ಹೊರಮುಖವನ್ನು ವಿಶ್ವೇಶ್ವರಯ್ಯನವರ ಇಂಗ್ಲಿಷ್ ಗದ್ಯವೂ ಒಳಮುಖವನ್ನು ಚಿತ್ತಾಲರ ಕನ್ನಡ ಗದ್ಯವೂ ಕೊಟ್ಟಿವೆ. ಎರಡನ್ನೂ ಒಂದೇ ದೃಶ್ಯದಲ್ಲಿ ಕೂಡಿಸುವ ಕೃತಿಗೆ ಇನ್ನೂ ಎಡೆಯಿದೆ. ಅಂಥ ಕೃತಿಗೆ ಬೇಕಾದ ಸಾಮಗ್ರಿ ಲೇಖಕರಲ್ಲಿ ಮಾತ್ರವಲ್ಲ, ಮೂವತ್ತು ಮೂವತ್ತೈದು ವರ್ಷ ಬ್ಯಾಂಕುಗಳಲ್ಲಿ, ವಿಮಾ ಸಂಸ್ಥೆಗಳಲ್ಲಿ, ಔಷಧಿ ಮತ್ತು ಬಟ್ಟೆಯ ಕಂಪನಿಗಳಲ್ಲಿ ದುಡಿದು ನಿವೃತ್ತರಾದವರ ನೆನಪಿನಲ್ಲಿದೆ. ಅವರು ಬರೆದ ವರದಿಗಳು ಇಂಗ್ಲಿಷಿನಲ್ಲಿ ಕಂಪನಿಯ ಉಗ್ರಾಣಗಳನ್ನು ಸೇರಿ, ಕಾಲಕ್ರಮದಲ್ಲಿ ರದ್ದಿಯಾಗಿ ತೂಕಕ್ಕೆ ಹೋಗಿವೆ. ಆ ವರದಿಯನ್ನು ಹಿಡಿದು ಎದ್ದು ನಿಂತಾಗ ಕೈ ನಡುಗಿದ್ದು, ಒಂದು ಶಬ್ದ ಸಿಕ್ಕದೆ ಇನ್ನೊಂದನ್ನು ಹೇಳಿ ಅದರಿಂದ ಯೋಜನೆಯ ಗತಿಯೇ ಬದಲಾದದ್ದು, ಪ್ರಶ್ನೆಗೆ ತಕ್ಕ ಉತ್ತರವು ಮರಳಿ ಬರುವ ಲೋಕಲ್ ಗಾಡಿಯಲ್ಲಿ ಕನ್ನಡದಲ್ಲಿ ಹೊಳೆದದ್ದು, ಇವು ಯಾವ ಕಡತದಲ್ಲಿಯೂ ಇಲ್ಲ.

ಸಂಘಸಂಸ್ಥೆಗಳು ನಿವೃತ್ತರಿಂದ ಊರಿನ ಬಾಲ್ಯದ ನೆನಪುಗಳನ್ನು ಬರೆಯಿಸಿ ಪ್ರಕಟಿಸುತ್ತ ಬಂದಿವೆ. ಇನ್ನು ಮುಂದೆ ಅವರ ಹಗಲಿನ ನೆನಪುಗಳನ್ನೂ ಕೇಳಬೇಕು, ಕನ್ನಡದಲ್ಲಿಯೇ ಕೇಳಬೇಕು. ಕಚೇರಿಯ ಜೀವನವನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಲ್ಲವೆಂಬ ಆಕ್ಷೇಪಕ್ಕೆ ಅರ್ಥವಿಲ್ಲ. ‘ಶಿಕಾರಿ’ ಬಂದ ದಿನವೇ ಅದಕ್ಕೆ ಉತ್ತರ ದೊರೆತಿದೆ. ಹೇಳುವ ಮನಸ್ಸು ಬಂದರೆ ಶಬ್ದಗಳು ಬರುತ್ತವೆ; ಎರವಲು ಬಂದವೂ ಕೆಲಕಾಲದಲ್ಲಿ ಮನೆಯವಾಗುತ್ತವೆ.